ಕೊಳಗದ ಜಗಳ ಭೂಸುಧಾರಣೆವರೆಗೆ ಹೋಗಿದ್ದು ಹೇಗೆ? ಕಾಗೋಡು ಸತ್ಯಾಗ್ರಹದ ಹಿಂದಿದ್ದ ಲೆಕ್ಕ

ಸಾಗರ: ಈಗ ಪಹಣಿ ಬೇಕು ಅಂದ್ರೆ ಮೊಬೈಲ್ ತೆಗೆದು ಸರ್ವೆ ನಂಬರ್ ಒತ್ತಿದರೆ ಸಾಕು. 9ನೇ ಕಾಲಂನಲ್ಲಿ ಯಜಮಾನನ ಹೆಸರು ಬರುತ್ತೆ. ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆಯ ಸಾವಿರಾರು ಮನೆಗಳಲ್ಲಿ ಆ ಹೆಸರಿನ ಹಿಂದೆ ಒಂದು ಹಳೇ ಕಡತ ಇದೆ. ಮಾಸಿದ ಕಾಗದ, ಭೂ ನ್ಯಾಯ ಮಂಡಳಿ ಮೊಹರು, 'ಫಾರಂ ನಂಬರ್ 7'ಕ್ಕೆ ಬಂದ ಆದೇಶ. ಮನೆಯ ಹಿರಿಯರು ಅದನ್ನು ಈಗಲೂ 'ಡಿಕ್ಲರೇಷನ್ ಜಮೀನು' ಅಂತಲೇ ಕರೆಯೋದು.

ಈ ಕಾಗದ 1974ರ ಕಾನೂನಿನಿಂದ ಬಂತು. ಆದರೆ ಕಾನೂನು ಬೆಂಗಳೂರಿನಲ್ಲಿ ತಾನಾಗಿಯೇ ಹುಟ್ಟಲಿಲ್ಲ. ಅದರ ಬೇರು ಹುಡುಕುತ್ತ ಹೋದರೆ ಸಾಗರ ತಾಲೂಕಿನ ಕಾಗೋಡು ಎಂಬ ಸಣ್ಣ ಊರಿನ ಕಣಕ್ಕೆ, ಭತ್ತ ಅಳೆಯುವ ಒಂದು ಪಾತ್ರೆಗೆ ಹೋಗಿ ಮುಟ್ಟುತ್ತೆ. ಹೋರಾಟದ ಹೆಸರು ಎಲ್ಲರಿಗೂ ಗೊತ್ತು. ಶಾಲೆಯ ಮಕ್ಕಳೂ '1951, ಲೋಹಿಯಾ' ಅಂತ ಹೇಳ್ತಾರೆ. ಜಗಳ ಯಾತಕ್ಕೆ ಶುರುವಾಯ್ತು, ಅದರ ಲೆಕ್ಕ ಏನು ಅನ್ನೋದು ಮಾತ್ರ ಅಷ್ಟಾಗಿ ಚರ್ಚೆಗೆ ಬರಲ್ಲ.

ಕೊಳಗದ ಲೆಕ್ಕ

ಮಲೆನಾಡಿನಲ್ಲಿ ಭತ್ತದ ಅಳತೆ ಸೇರು, ಕೊಳಗ, ಖಂಡುಗದಲ್ಲಿ ನಡೆಯುತ್ತಿತ್ತು. ಇಪ್ಪತ್ತು ಕೊಳಗ ಅಂದರೆ ಒಂದು ಖಂಡುಗ. ಗದ್ದೆ ಧಣಿಯದ್ದು, ದುಡಿಮೆ ರೈತನದ್ದು. ಬೆಳೆ ಬಂದ ಮೇಲೆ ಇಷ್ಟು ಖಂಡುಗ ಗೇಣಿ ಅಳೆಯಬೇಕು ಅನ್ನೋದು ಬಾಯಿಮಾತಿನ ಒಪ್ಪಂದ.

ಖಂಡುಗದ ಸಂಖ್ಯೆ ಒಪ್ಪಂದದಲ್ಲಿ ಇರುತ್ತಿತ್ತು, ನಿಜ. ಆದರೆ ಕೊಳಗ ಯಾರದ್ದು? ಧಣಿಯ ಮನೆಯದ್ದು. ಅದು ಎಷ್ಟು ಸೇರಿನದ್ದು ಅಂತ ತೀರ್ಮಾನಿಸುವವನೂ ಧಣಿಯೇ. ಉದಾಹರಣೆಗೆ ಕೊಳಗ ಮೂರು ಸೇರಿನದಾದರೆ ಒಂದು ಖಂಡುಗಕ್ಕೆ 60 ಸೇರು. ಅದೇ ಕೊಳಗ ಅರ್ಧ ಸೇರು ಹಿಗ್ಗಿದರೆ 70 ಸೇರು. ಹತ್ತು ಖಂಡುಗ ಗೇಣಿ ಅಳೆಯುವ ರೈತ, ಬಾಯಲ್ಲಿ ಅದೇ 'ಹತ್ತು ಖಂಡುಗ' ಅಂತಿದ್ದರೂ, 100 ಸೇರು ಭತ್ತ ಜಾಸ್ತಿ ಸುರಿದು ಬಂದಿರುತ್ತಾನೆ. ಗೇಣಿ ಏರಿಸಿದೆ ಅಂತ ಯಾರೂ ಹೇಳಿಲ್ಲ, ಪಾತ್ರೆ ದೊಡ್ಡದಾಗಿದೆ, ಅಷ್ಟೇ. ಇದಕ್ಕಿಂತ ಸದ್ದಿಲ್ಲದ ಏರಿಕೆ ಇನ್ನೊಂದಿಲ್ಲ.

ಮಳೆಗಾಲದಲ್ಲಿ ಅಕ್ಕಿ ಮುಗಿದಾಗ ಅದೇ ರೈತ ಅದೇ ಮನೆಗೆ ಭತ್ತ ಕಡ ಕೇಳಲು ಹೋಗಬೇಕು. ಸುಗ್ಗಿ ಆದ ಮೇಲೆ ಬಡ್ಡಿ ಸೇರಿಸಿ ಅಳೆಯಬೇಕು. ಅಳತೆ ಮತ್ತೆ ಅದೇ ಕಣದಲ್ಲಿ. ಗೇಣಿ, ಕಡ, ಬಡ್ಡಿ ಎಲ್ಲ ಕಳೆದ ಮೇಲೆ ಕಣದಲ್ಲಿ ಉಳಿಯೋದು ಹುಲ್ಲು, ಜಳ್ಳು, ಸ್ವಲ್ಪ ಭತ್ತ. ಮುಂದಿನ ವರ್ಷದ ಕಡ ಆಗಲೇ ಶುರುವಾದ ಹಾಗೆ.

ಇದರ ಜತೆಗೆ ಬಿಟ್ಟಿ ಚಾಕರಿ ಬೇರೆ. ಧಣಿಯ ಮನೆಯಲ್ಲಿ ಮದುವೆ, ತಿಥಿ, ತೋಟದ ಕೆಲಸ ಏನಿದ್ದರೂ ಒಕ್ಕಲಿನ ಮನೆಯವರು ಹೋಗಬೇಕು, ಕೂಲಿ ಕೇಳುವ ಹಾಗಿಲ್ಲ. ಕಾಗೋಡು ಸುತ್ತ ಗೇಣಿ ಮಾಡುತ್ತಿದ್ದವರಲ್ಲಿ ಬಹುಪಾಲು ದೀವರು. ಗದ್ದೆ ಕೆಲಸದಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೆ ಜಮೀನು ಅವರ ಹೆಸರಲ್ಲಿ ಇರಲಿಲ್ಲ. ಜಮೀನಿನ ಬಡತನ ಮತ್ತು ಜಾತಿಯ ಕೀಳುಗಾಣಿಕೆ ಎರಡೂ ಒಂದೇ ಅಂಗಳದಲ್ಲಿ ನಿಲ್ಲಿಸುತ್ತಿದ್ದವು. ಹಾಗಾಗಿ ಇದನ್ನು ಬರೀ ಭತ್ತದ ಜಗಳ ಅನ್ನೋದು ಅರ್ಧ ಸತ್ಯ.

ಗೇಣಿಯಲ್ಲೂ ಎರಡು ಥರ

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಗೇಣಿಯಲ್ಲಿ ಮೂಲಗೇಣಿ, ಚಾಲಗೇಣಿ ಅಂತ ಇತ್ತು. ಮೂಲಗೇಣಿ ಅಂದರೆ ಕಾಯಂ. ತಲೆಮಾರಿನಿಂದ ತಲೆಮಾರಿಗೆ ಹೋಗುತ್ತೆ, ಸುಮ್ಮಸುಮ್ಮನೆ ಬಿಡಿಸೋಕಾಗಲ್ಲ. ಚಾಲಗೇಣಿ ಹಾಗಲ್ಲ. ಧಣಿಗೆ ಮನಸ್ಸಿರುವಷ್ಟು ದಿನ. ಅಜ್ಜನ ಕಾಲದಿಂದ ಉಳುತ್ತಾ ಬಂದಿದ್ದರೂ ಕಾಗದದಲ್ಲಿ ಏನೂ ಇರಲ್ಲ. ಗೇಣಿ ಅಳೆದಿದ್ದಕ್ಕೆ ರಸೀದಿ ಕೊಡಲ್ಲ. ರಸೀದಿ ಇಲ್ಲ ಅಂದ ಮೇಲೆ ಈ ಗದ್ದೆಯನ್ನು ನೀನು ಉಳುತ್ತಿದ್ದೆ ಅನ್ನೋದಕ್ಕೇ ಸಾಕ್ಷಿ ಇಲ್ಲ. 'ಈ ವರ್ಷ ನಿನಗಿಲ್ಲ' ಅಂದರೆ ಮುಗೀತು. ಹೆಚ್ಚಿನವರು ಇದ್ದದ್ದು ಈ ಚಾಲಗೇಣಿಯಲ್ಲಿ.

1948ರಲ್ಲಿ ಸಾಗರ ತಾಲೂಕಿನಲ್ಲಿ ರೈತ ಸಂಘ ಕಟ್ಟಿದವರು ಎಚ್. ಗಣಪತಿಯಪ್ಪ. ಸಂಘ ಮೊದಲು ಎತ್ತಿದ ಬೇಡಿಕೆಗಳನ್ನು ಈಗ ಓದಿದರೆ ಎಷ್ಟು ಸಾಧು ಅನ್ನಿಸುತ್ತೆ. ಸರಿಯಾದ ಅಳತೆಯ ಕೊಳಗದಲ್ಲಿ ಗೇಣಿ ಅಳೆಯಿರಿ. ಗೇಣಿಗೆ ರಸೀದಿ ಕೊಡಿ. ಬಿಟ್ಟಿ ಚಾಕರಿ ಬೇಡ. ಭೂಮಿ ನಮ್ಮದು ಅಂತ ಯಾರೂ ಕೇಳಿರಲಿಲ್ಲ. ಗೇಣಿ ಕೊಡಲ್ಲ ಅಂತಲೂ ಹೇಳಿರಲಿಲ್ಲ. ಸರಿಯಾಗಿ ಅಳೆಯಿರಿ, ಅಳೆದಿದ್ದನ್ನು ಬರೆದು ಕೊಡಿ ಅನ್ನೋದಷ್ಟೇ.

ಆದರೆ ಧಣಿಗಳಿಗೆ ಅದೇ ದೊಡ್ಡ ವಿಷಯವಾಯಿತು. ಅವರ ದೃಷ್ಟಿಯಿಂದ ನೋಡಿದರೆ ಕಾರಣವೂ ಗೊತ್ತಾಗುತ್ತೆ. ಇವತ್ತು ರಸೀದಿ ಕೊಟ್ಟರೆ ನಾಳೆ ಅದೇ ರಸೀದಿ ಹಿಡಿದು ಕೋರ್ಟಿಗೆ ಹೋಗ್ತಾನೆ. ಸ್ವಾತಂತ್ರ್ಯ ಬಂದಿದೆ, ಜಮೀನುದಾರಿ ತೆಗೀತಾರಂತೆ ಅನ್ನೋ ಸುದ್ದಿ ದೇಶದ ತುಂಬ ಓಡಾಡುತ್ತಿದ್ದ ಕಾಲ ಅದು. ಕೊಳಗದ ವಿಷಯದಲ್ಲಿ ಬಗ್ಗಿದರೆ ಹಕ್ಕಿನ ವಿಷಯದಲ್ಲಿ ಬಗ್ಗಬೇಕಾಗುತ್ತೆ ಅನ್ನುವ ಭಯ. ಆ ಭಯ ಸುಳ್ಳಾಗಲಿಲ್ಲ ಅನ್ನೋದನ್ನು ಮುಂದೆ ನೋಡೋಣ.

1951 ಏಪ್ರಿಲ್ 18

ಕಾಗೋಡಿನ ಭೂಮಾಲೀಕರು ಒಡೆಯರ್ ಮನೆತನದವರು. ಬೇಡಿಕೆಗೆ ಒಪ್ಪಲಿಲ್ಲ. ರೈತರೂ ಹಿಂದೆ ಸರಿಯಲಿಲ್ಲ. ಕೊನೆಗೆ ಒಕ್ಕಲುಗಳನ್ನು ಗದ್ದೆಯಿಂದ ಬಿಡಿಸುವ ಹಂತಕ್ಕೆ ಬಂತು. ಮುಂಗಾರಿಗೆ ಮುಂಚಿನ ಮಳೆ ಬಿದ್ದು ಗದ್ದೆಗೆ ನೇಗಿಲು ಹೂಡುವ ಹೊತ್ತಿಗೆ 'ನೀವು ಇಳಿಯಬೇಡಿ' ಅಂದರೆ ಆ ವರ್ಷದ ಅನ್ನಕ್ಕೇ ಕಲ್ಲು. ರೈತನ ಪಾಲಿಗೆ ಏಪ್ರಿಲ್ ತಿಂಗಳು ತಪ್ಪಿದರೆ ವರ್ಷ ತಪ್ಪಿದ ಹಾಗೆ.

1951ರ ಏಪ್ರಿಲ್ 18ರಂದು ರೈತರು ನೇಗಿಲು ಹೊತ್ತು ಗದ್ದೆಗೆ ಇಳಿದರು. ಪೊಲೀಸರು ಬಂಧಿಸಿದರು. ಮತ್ತೊಂದು ತಂಡ ಇಳಿಯಿತು, ಅವರನ್ನೂ ಬಂಧಿಸಿದರು. ಹೀಗೇ ವಾರಗಟ್ಟಲೆ. ನೂರಾರು ಜನ ಜೈಲಿಗೆ ಹೋದರು. ಹೆಂಗಸರೂ ಹಿಂದೆ ಬೀಳಲಿಲ್ಲ. ಗದ್ದೆಗೆ ಇಳಿಯೋದು, ಬಂಧನಕ್ಕೆ ಒಳಗಾಗೋದು, ಕೈ ಎತ್ತದೆ ಇರೋದು, ಇಷ್ಟೇ ಹೋರಾಟದ ಕ್ರಮ. ಬ್ರಿಟಿಷರ ವಿರುದ್ಧ ಬಳಸಿದ ಸತ್ಯಾಗ್ರಹವನ್ನು ಸ್ವಾತಂತ್ರ್ಯ ಬಂದು ನಾಲ್ಕು ವರ್ಷವೂ ತುಂಬದ ಹೊತ್ತಿಗೆ ಸ್ವಂತ ಸರ್ಕಾರದ ಎದುರು ಬಳಸಬೇಕಾಗಿ ಬಂತು. ಆಗ ಮೈಸೂರು ರಾಜ್ಯದಲ್ಲಿ ಕೆ.ಸಿ. ರೆಡ್ಡಿ ಅವರ ಕಾಂಗ್ರೆಸ್ ಸರ್ಕಾರ ಇತ್ತು.

ರೈತ ಸಂಘ ಶುರು ಮಾಡಿದ ಹೋರಾಟಕ್ಕೆ ಸಮಾಜವಾದಿ ಪಕ್ಷ ಬಂದು ಸೇರಿತು. ಅಲ್ಲಿಂದ ಕಥೆಯ ದಿಕ್ಕು ಬದಲಾಯಿತು. ತೀರ್ಥಹಳ್ಳಿ ಕಡೆಯ ಆರಗದಲ್ಲಿ 1923ರಲ್ಲಿ ಹುಟ್ಟಿದ ಶಾಂತವೇರಿ ಗೋಪಾಲಗೌಡರು ಆಗ ಇನ್ನೂ ಇಪ್ಪತ್ತೆಂಟರ ಯುವಕ. 1942ರ ಚಳವಳಿಯಲ್ಲಿ ಜೈಲು ನೋಡಿದ್ದವರು. ಕೊಳಗ, ರಸೀದಿ, ಬಿಟ್ಟಿ ಚಾಕರಿಯ ಮಾತು ನಿಧಾನವಾಗಿ 'ಉಳುವವನೇ ಹೊಲದೊಡೆಯ' ಅನ್ನುವ ಮಾತಾಯಿತು. ಅಳತೆ ಸರಿಮಾಡಿ ಅನ್ನುತ್ತಿದ್ದವರು ಒಡೆತನವೇ ಯಾರದ್ದು ಅಂತ ಕೇಳತೊಡಗಿದರು.

ಜೂನ್ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಕಾಗೋಡಿಗೆ ಬಂದರು. ರೈತರ ಜತೆ ಗದ್ದೆಗೆ ಹೋದರು. ಅವರನ್ನು ಸಾಗರದ ರೈಲು ನಿಲ್ದಾಣದಲ್ಲಿ ಬಂಧಿಸಲಾಯಿತು. ಶಿವಮೊಗ್ಗ ಜಿಲ್ಲೆಯ ಮೂಲೆಯ ಊರಿನ ಹೆಸರು ದೇಶದ ರಾಜಕೀಯದಲ್ಲಿ ಕೇಳಿಬಂದಿದ್ದು ಹಾಗೆ. ಲೋಹಿಯಾ ಬಂದಿದ್ದರಿಂದಲೇ ಹೋರಾಟ ಆಯ್ತು ಅಂತ ಈಗ ಕೆಲವರು ಹೇಳೋದುಂಟು. ಅದು ಸರಿಯಲ್ಲ. ಅವರು ಬರುವ ಹೊತ್ತಿಗೆ ಸತ್ಯಾಗ್ರಹ ಶುರುವಾಗಿ ಎರಡು ತಿಂಗಳಾಗುತ್ತ ಬಂದಿತ್ತು.

ಆ ಹೊತ್ತಿಗೆ ಜಮೀನು ಸಿಕ್ಕಿತೆ? ಇಲ್ಲ. ಗದ್ದೆಯ ಒಡೆತನ 1951ರಲ್ಲಿ ಯಾರಿಗೂ ಬದಲಾಗಲಿಲ್ಲ. ಜೈಲಿಂದ ಬಂದವರು ಕಡದ ಲೆಕ್ಕವನ್ನೇ ಎದುರಿಸಬೇಕಾಯಿತು. ಬದಲಾಗಿದ್ದು ಇನ್ನೊಂದು.

ಗದ್ದೆಯಿಂದ ಮತಪೆಟ್ಟಿಗೆಗೆ

ಮರುವರ್ಷವೇ, 1952ರಲ್ಲಿ, ಮೊದಲ ಸಾರ್ವತ್ರಿಕ ಚುನಾವಣೆ. ಜಮೀನಿಲ್ಲದ ಗೇಣಿದಾರನಿಗೂ ಧಣಿಗೂ ಒಂದೊಂದೇ ವೋಟು. ಕಣದಲ್ಲಿ ಕೊಳಗ ಧಣಿಯದ್ದಾಗಿದ್ದರೂ ಮತಪೆಟ್ಟಿಗೆಯಲ್ಲಿ ಅಳತೆ ಒಂದೇ ಆಗಿತ್ತು. ಸಾಗರ-ಹೊಸನಗರ ಕ್ಷೇತ್ರದಿಂದ ಗೋಪಾಲಗೌಡರು ಸಮಾಜವಾದಿ ಪಕ್ಷದಿಂದ ಗೆದ್ದು ವಿಧಾನಸಭೆಗೆ ಹೋದರು. ರಾಜ್ಯದ ತುಂಬ ಕಾಂಗ್ರೆಸ್ ಗಾಳಿ ಇದ್ದಾಗ ಇಲ್ಲಿ ಮಾತ್ರ ಬೇರೆ ಫಲಿತಾಂಶ. ಹೆಸರು ಹೇಳಲು ಹೆದರುತ್ತಿದ್ದ ಜನ ಗುಟ್ಟಾಗಿ ಚೀಟಿ ಹಾಕುವ ಅವಕಾಶ ಸಿಕ್ಕಾಗ ಏನು ಮಾಡ್ತಾರೆ ಅನ್ನೋದಕ್ಕೆ ಅದು ಉತ್ತರ.

ಗೋಪಾಲಗೌಡರು ಒಟ್ಟು ಮೂರು ಸಲ ಶಾಸಕರಾದರು. ಚುನಾವಣೆಗೆ ದುಡ್ಡಿಲ್ಲದವರು. 'ಒಂದು ವೋಟು, ಒಂದು ನೋಟು' ಅಂತ ಮತದಾರರ ಹತ್ತಿರವೇ ಕೇಳಿದ ರಾಜಕಾರಣ ಅದು. ಈಗಿನ ಚುನಾವಣೆಯಲ್ಲಿ ನೋಟು ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತೆ ಅಂತ ಬೇರೆ ಹೇಳಬೇಕಿಲ್ಲ. 1972ರ ಜೂನ್‌ನಲ್ಲಿ, ಐವತ್ತೂ ತುಂಬದೆ, ತೀರಿಕೊಂಡರು. ಯು.ಆರ್. ಅನಂತಮೂರ್ತಿ ಅವರ 'ಅವಸ್ಥೆ' ಕಾದಂಬರಿಯ ನಾಯಕನ ಹಿಂದೆ ಅವರ ನೆರಳು ಇದೆ ಅನ್ನೋದು ಓದುಗರಿಗೆ ಗೊತ್ತಿರುವ ವಿಷಯವೇ.

ಈ ಜಿಲ್ಲೆಯ ರಾಜಕಾರಣದಲ್ಲಿ ಅದೊಂದು ಸಾಲೇ ಹುಟ್ಟಿತು. 1967ರಲ್ಲಿ ಎಸ್. ಬಂಗಾರಪ್ಪ ಸೊರಬದಿಂದ ವಿಧಾನಸಭೆಗೆ, ಜೆ.ಎಚ್. ಪಟೇಲ್ ಶಿವಮೊಗ್ಗದಿಂದ ಲೋಕಸಭೆಗೆ. ಇಬ್ಬರೂ ಸಮಾಜವಾದಿ ಗರಡಿಯವರು, ಇಬ್ಬರೂ ಮುಂದೆ ಮುಖ್ಯಮಂತ್ರಿಗಳಾದರು. 1972ರಲ್ಲಿ ಕಾಗೋಡು ತಿಮ್ಮಪ್ಪ ಸಮಾಜವಾದಿ ಪಕ್ಷದಿಂದ ಸಾಗರದ ಶಾಸಕರಾದರು. ಊರಿನ ಹೆಸರೇ ಮನುಷ್ಯನ ಹೆಸರಿನ ಮುಂದೆ ಸೇರಿ ಸದನದೊಳಗೆ ಹೋಯಿತು.

ಕಾನೂನು ಬಂತು, ಆದರೆ ತೂತಿನ ಜತೆ

ಕಾಂಗ್ರೆಸ್‌ನವರು ಕೈಕಟ್ಟಿ ಕೂತಿದ್ದರು ಅನ್ನೋದೂ ಸರಿಯಲ್ಲ. ತೀರ್ಥಹಳ್ಳಿಯವರೇ ಆದ ಕಡಿದಾಳ್ ಮಂಜಪ್ಪನವರು ಕಂದಾಯ ಖಾತೆ ನೋಡಿಕೊಳ್ಳುತ್ತಿದ್ದಾಗ ಗೇಣಿದಾರರಿಗೆ ರಕ್ಷಣೆ ಕೊಡುವ ಕಾನೂನಿಗೆ ಕೈಹಾಕಿದರು. ರಾಜ್ಯ ಏಕೀಕರಣದ ನಂತರ ಬಿ.ಡಿ. ಜತ್ತಿ ನೇತೃತ್ವದ ಸಮಿತಿ ಕೂತಿತು. 1961ರಲ್ಲಿ ಮೈಸೂರು ಭೂ ಸುಧಾರಣಾ ಕಾಯ್ದೆ ಬಂತು. ಜಾರಿಗೆ ಬಂದಿದ್ದು 1965ರ ಅಕ್ಟೋಬರ್ 2ಕ್ಕೆ.

ಕಾಯ್ದೆ ಆಗಿ ಜಾರಿಯಾಗೋಕೆ ನಾಲ್ಕು ವರ್ಷ. ಆ ನಾಲ್ಕು ವರ್ಷದಲ್ಲಿ ಏನೇನು ಆಗಬಹುದು ಅಂತ ಯಾರಾದರೂ ಊಹಿಸಬಹುದು. ಜಮೀನು ಸಂಬಂಧಿಕರ ಹೆಸರಿಗೆ ಹಂಚಿಹೋಯಿತು. ಚಾಲಗೇಣಿದಾರನನ್ನು 'ಕೂಲಿಯವನು' ಅಂತ ಬರೆಸಲಾಯಿತು. ಜತೆಗೆ 'ಸ್ವಂತ ಸಾಗುವಳಿ ಮಾಡ್ತೀನಿ' ಅಂತ ಧಣಿ ಜಮೀನು ವಾಪಸ್ ಕೇಳಲು ಕಾಯ್ದೆಯಲ್ಲೇ ಅವಕಾಶ ಇತ್ತು. ಗೇಣಿದಾರನಿಗೆ ಕಾನೂನು ಗೊತ್ತಾಗುವ ಮೊದಲು ಧಣಿಯ ವಕೀಲರಿಗೆ ಗೊತ್ತಾಗಿತ್ತು.

1972ರಲ್ಲಿ ದೇವರಾಜ ಅರಸು ಮುಖ್ಯಮಂತ್ರಿಯಾದರು. ಅರಸು ಸಮಾಜವಾದಿ ಅಲ್ಲ. ಆದರೆ ಅವರ ಲೆಕ್ಕ ಬೇರೆ ಇತ್ತು. ದೊಡ್ಡ ಜಾತಿಗಳ ಹಿಡಿತದಲ್ಲಿದ್ದ ರಾಜಕಾರಣಕ್ಕೆ ಪರ್ಯಾಯವಾಗಿ ಸಣ್ಣಪುಟ್ಟ, ಹಿಂದುಳಿದ ಜಾತಿಗಳ ಬೆಂಬಲ ಕಟ್ಟಬೇಕಿತ್ತು. ಗೇಣಿದಾರರಲ್ಲಿ ಹೆಚ್ಚಿನವರು ಇದ್ದದ್ದು ಅಲ್ಲೇ. ಸಮಾಜವಾದಿಗಳು ಇಪ್ಪತ್ತು ವರ್ಷ ಬೀದಿಯಲ್ಲಿ ಕೂಗಿದ್ದ ಘೋಷಣೆಯನ್ನು ಕಾನೂನು ಮಾಡುವ ಬಲ ಅರಸು ಕೈಯಲ್ಲಿತ್ತು. ಯಾರ ಪುಣ್ಯ ಎಷ್ಟು ಅಂತ ಈಗಲೂ ಜಿಲ್ಲೆಯ ಚಹಾದಂಗಡಿಗಳಲ್ಲಿ ವಾದ ನಡೆಯುತ್ತೆ. ಬೀದಿ ಇಲ್ಲದೆ ಅರಸು ಕಾನೂನು ಮಾಡುತ್ತಿದ್ದರೋ ಇಲ್ಲವೋ, ಅರಸು ಇಲ್ಲದೆ ಬೀದಿಯ ಘೋಷಣೆ ಗೋಡೆಬರಹವಾಗಿಯೇ ಉಳಿಯುತ್ತಿದ್ದ ಸಾಧ್ಯತೆ ಜಾಸ್ತಿ.

ಮಂಡಳಿ ಎದುರು ವಕೀಲರಿಲ್ಲ

ತಿದ್ದುಪಡಿ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಅಂದು ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿತು ಅಂತ ಕಾನೂನು ಹೇಳಿತು. ಉಳುತ್ತಿದ್ದವನು ಫಾರಂ 7 ತುಂಬಿ ಅರ್ಜಿ ಕೊಡಬೇಕು, ತಾನು ಗೇಣಿದಾರ ಅಂತ ತೋರಿಸಬೇಕು, ಅಧಿಭೋಗದ ಹಕ್ಕು ಪಡೆಯಬೇಕು. ಧಣಿಗೆ ಪರಿಹಾರ. ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟರೆ ಇನ್ನು ಮುಂದೆ ಯಾರೂ ಜಮೀನು ಗೇಣಿಗೆ ಕೊಡುವ ಹಾಗಿಲ್ಲ.

ಈ ಕಾನೂನಿನ ಜೀವ ಇದ್ದದ್ದು ಭೂ ನ್ಯಾಯ ಮಂಡಳಿಯಲ್ಲಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಜತೆಗೆ ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಮಂಡಳಿ ಎದುರು ವಕೀಲರು ವಾದ ಮಾಡುವ ಹಾಗಿರಲಿಲ್ಲ. ಧಣಿಯೂ ಬಂದು ಸ್ವತಃ ಮಾತಾಡಬೇಕು, ಗೇಣಿದಾರನೂ ಸ್ವತಃ ಮಾತಾಡಬೇಕು. ಅಲ್ಲಿಯವರೆಗೆ ಧಣಿಯ ಅಂಗಳದಲ್ಲಿ ತಲೆತಗ್ಗಿಸಿ ನಿಂತಿದ್ದವನು ಸರ್ಕಾರಿ ಮೇಜಿನ ಎದುರು ಅದೇ ಧಣಿಯ ಪಕ್ಕ ನಿಂತು 'ಈ ಗದ್ದೆ ಉಳೋದು ನಾನು' ಅಂತ ಬಾಯಿಬಿಟ್ಟು ಹೇಳಬೇಕಿತ್ತು. ಎಷ್ಟೋ ಜನಕ್ಕೆ ಅದು ಬಾಯಿಗೇ ಬರಲಿಲ್ಲ. ಉಂಡ ಮನೆಗೆ ಎರಡು ಬಗೆಯೋದಾ ಅಂತ ಅರ್ಜಿಯೇ ಹಾಕದೆ ಸುಮ್ಮನಾದವರ ಕಥೆ ಮಲೆನಾಡಿನ ಹಳ್ಳಿಹಳ್ಳಿಯಲ್ಲಿ ಸಿಗುತ್ತೆ.

ಹೇಳಿದರೆ ಸಾಲದು, ತೋರಿಸಬೇಕಲ್ಲ? ಪಹಣಿಯ 12ನೇ ಕಾಲಂನಲ್ಲಿ ಸಾಗುವಳಿದಾರನ ಹೆಸರು ಇದ್ದರೆ ಕೆಲಸ ಸಲೀಸು. ಗೇಣಿ ರಸೀದಿ ಇದ್ದರೆ ಇನ್ನೂ ಗಟ್ಟಿ. ಎರಡೂ ಇಲ್ಲದಿದ್ದರೆ ಅಕ್ಕಪಕ್ಕದವರ ಸಾಕ್ಷಿ. 23 ವರ್ಷದ ಹಿಂದೆ ಕಾಗೋಡಿನಲ್ಲಿ ರಸೀದಿ ಕೊಡಿ ಅಂತ ಕೇಳಿದ್ದು, ಕೊಡಲ್ಲ ಅಂತ ಹಟ ಹಿಡಿದಿದ್ದು ಯಾಕೆ ಅಂತ ಇಲ್ಲಿ ಬಂದಾಗ ಅರ್ಥವಾಗುತ್ತೆ. ಧಣಿಗಳು ಹೆದರಿದ್ದು ಇದೇ ದಿನಕ್ಕೆ.

ರಾಜ್ಯದಲ್ಲಿ 8 ಲಕ್ಷದಷ್ಟು ಅರ್ಜಿ ಬಂದವು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗೇಣಿದಾರರ ಪರವಾಗಿ ತೀರ್ಮಾನವಾದವು. ಅರ್ಜಿಗೆ ಗಡುವು ಮುಂದೂಡುತ್ತ ಹೋಗಿ ಕೊನೆಗೆ 1979ರ ಜೂನ್ 30ಕ್ಕೆ ನಿಂತಿತು. ಕರಾವಳಿ ಮತ್ತು ಮಲೆನಾಡಿನ ಜಿಲ್ಲೆಗಳಲ್ಲಿ ಗೇಣಿ ಜಾಸ್ತಿ ಇದ್ದ ಕಾರಣ ಅಲ್ಲಿಯೇ ಪರಿಣಾಮವೂ ಹೆಚ್ಚು ಕಂಡಿತು.

ಸಿಗದವರು ಯಾರು?

ಇದು ಎಲ್ಲರಿಗೂ ಗೆಲುವಿನ ಕಥೆಯಲ್ಲ. ಎರಡು ಎಕರೆ ಗದ್ದೆ ಗೇಣಿಗೆ ಕೊಟ್ಟು ಅದರಲ್ಲೇ ಬದುಕುತ್ತಿದ್ದ ವಿಧವೆಯರು, ಸಣ್ಣ ಸಂಬಳಕ್ಕೆ ಊರು ಬಿಟ್ಟು ಹೋಗಿದ್ದವರು ಇದ್ದ ತುಂಡನ್ನೂ ಕಳೆದುಕೊಂಡರು. ಕಾನೂನಿಗೆ ದೊಡ್ಡ ಧಣಿ, ಸಣ್ಣ ಧಣಿ ಅನ್ನೋ ಭೇದ ಹೆಚ್ಚು ಇರಲಿಲ್ಲ. ಬೇರೆಯವರ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದವರು ಗೇಣಿದಾರರೇ ಅಲ್ಲವಾದ್ದರಿಂದ ಅವರಿಗೆ ಏನೂ ಬರಲಿಲ್ಲ. ಅವರಲ್ಲಿ ದಲಿತರೇ ಹೆಚ್ಚು. ಗದ್ದೆಯಲ್ಲಿ ಸಮಕ್ಕೆ ಸಮ ದುಡಿದ ಹೆಂಗಸರ ಹೆಸರು ಆದೇಶದ ಕಾಗದದಲ್ಲಿ ಹುಡುಕಿದರೂ ಸಿಗೋದು ಅಪರೂಪ.

ಅದಕ್ಕಿಂತ ಮೊದಲೇ, 1964ರ ಹೊತ್ತಿಗೆ, ಲಿಂಗನಮಕ್ಕಿ ಹಿನ್ನೀರು ಬಂದು ಶರಾವತಿ ಕಣಿವೆಯ ಊರುಗಳೇ ಮುಳುಗಿದವು. ಕಾಗದದಲ್ಲಿ ಹೆಸರಿದ್ದವನಿಗೆ ಪರಿಹಾರ, ಉಳುತ್ತಿದ್ದವನಿಗೆ ಬರೀ ಲಾರಿ. ಹಾಗೆ ಎತ್ತಂಗಡಿಯಾಗಿ ಕಾಡಿನಂಚಿನಲ್ಲಿ ಬಿಡಾರ ಹೂಡಿದ ಕುಟುಂಬಗಳ ಹಕ್ಕುಪತ್ರದ ವಿಷಯ ಅರವತ್ತು ವರ್ಷದ ಮೇಲೂ ಪ್ರತಿ ಚುನಾವಣೆಯಲ್ಲಿ ಬರುತ್ತೆ.

ಇನ್ನು ಜಮೀನು ಸಿಕ್ಕವರ ಕಷ್ಟ ತೀರಿತೆ? ಗೇಣಿ ತಪ್ಪಿತು. ಆದರೆ ಗೊಬ್ಬರದ ಸಾಲ, ಸೊಸೈಟಿ ಕಂತು, ಬೆಳೆಯ ಬೆಲೆ ಇವೆಲ್ಲ ಹೊಸದಾಗಿ ಬಂದವು. 1980ರಲ್ಲಿ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ, ಕಡಿದಾಳ್ ಶಾಮಣ್ಣ ಮುಂತಾದವರು ಸೇರಿ ಕಟ್ಟಿದ ರಾಜ್ಯ ರೈತ ಸಂಘದ ಜಗಳ ಧಣಿಯ ಜತೆ ಅಲ್ಲ, ಸರ್ಕಾರ ಮತ್ತು ಮಾರುಕಟ್ಟೆ ಜತೆ. ಅದೂ ಬೆಳೆದಿದ್ದು ಇದೇ ಶಿವಮೊಗ್ಗ ನೆಲದಲ್ಲಿ. ಅದು ಬೇರೆಯದೇ ಕಥೆ.

ಈಗ ಎಲ್ಲಿದ್ದೇವೆ?

2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ಮತ್ತೆ ತಿದ್ದುಪಡಿ ಆಯಿತು. ಕೃಷಿಕರಲ್ಲದವರು, ಹೆಚ್ಚು ಆದಾಯ ಇರುವವರು ಕೃಷಿ ಜಮೀನು ಕೊಳ್ಳದಂತೆ ತಡೆದಿದ್ದ 79ಎ, 79ಬಿ ಕಲಂಗಳನ್ನು ತೆಗೆದುಹಾಕಲಾಯಿತು. ಜಮೀನಿಗೆ ಒಳ್ಳೇ ರೇಟು ಬರುತ್ತೆ ಅನ್ನುವವರಿದ್ದಾರೆ, ಅಜ್ಜ ಜೈಲಿಗೆ ಹೋಗಿ ತಂದಿದ್ದನ್ನು ಮೊಮ್ಮಗ ಸೈಟಿಗೆ ಮಾರುತ್ತಾನೆ ಅನ್ನುವವರೂ ಇದ್ದಾರೆ. ಎರಡೂ ಮಾತು ಒಂದೇ ಮನೆಯಲ್ಲಿ ಕೇಳಿಬರುತ್ತವೆ.

ಇನ್ನೊಂದು ಕಡೆ ಬಗರ್‌ಹುಕುಂ ಸಾಗುವಳಿದಾರರ ಸಾಲು. ಫಾರಂ 50, ಫಾರಂ 53, ಫಾರಂ 57 ಅಂತ ಮೂರು ಸಲ ಅರ್ಜಿ ಕರೆಯಲಾಗಿದೆ. ಇಲ್ಲಿ ಎದುರಿಗೆ ಇರೋದು ಧಣಿಯಲ್ಲ, ಕಂದಾಯ ಇಲಾಖೆ ಮತ್ತು ಅರಣ್ಯ ಇಲಾಖೆ. ಆದರೆ ತಾಲೂಕು ಕಚೇರಿ ಕಟಕಟೆಯಲ್ಲಿ ಕೇಳುವ ಪ್ರಶ್ನೆ ಮಾತ್ರ ಹಳೇದೇ: ಇಷ್ಟು ವರ್ಷದಿಂದ ನೀನೇ ಉಳುತ್ತಿದ್ದೀಯ ಅನ್ನೋದಕ್ಕೆ ಕಾಗದ ಏನಿದೆ?